ಪ್ರವಾಹದ ಜೊತೆ ಹೋದವನು: ಫ್ರಿಟ್ಯೋಫ್ ನಾನ್ಸೆನ್

ಈ ಕಥೆ ಶುರುವಾಗೋದು ಒಂದು ಪ್ಯಾಂಟಿನಿಂದ. ತಮಾಷೆ ಅಲ್ಲ. 1884ರಲ್ಲಿ ಗ್ರೀನ್‌ಲ್ಯಾಂಡಿನ ನೈಋತ್ಯ ತೀರದ ಯೂಲಿಯಾನೆಹೋಬ್ ಅನ್ನೋ ಊರಿನ ಹತ್ತಿರ, ತೇಲಿ ಬಂದಿದ್ದ ಒಂದು ಮಂಜುಗಡ್ಡೆಯ ಮೇಲೆ ಕೆಲವು ಸಾಮಾನು ಸಿಕ್ಕವು. ಎಣ್ಣೆಬಟ್ಟೆಯ ಒಂದು ಪ್ಯಾಂಟು, ಅದರ ಮೇಲೆ ಒಬ್ಬ ನಾವಿಕನ ಹೆಸರು. ಒಂದು ಟೋಪಿಯ ತುಂಡು. ಆಹಾರ ಸಾಮಗ್ರಿಯ ಒಂದು ಪಟ್ಟಿ, ಅದಕ್ಕೆ ಕ್ಯಾಪ್ಟನ್ ಡಿ ಲಾಂಗ್‌ನ ಸಹಿ.

ಡಿ ಲಾಂಗ್‌ನ ಹಡಗು ಜೆನೆಟ್. ಅಮೆರಿಕದಿಂದ ಹೊರಟು ಉತ್ತರ ಧ್ರುವಕ್ಕೆ ಹೋಗಬೇಕಿದ್ದ ಆ ಹಡಗು 1879ರಲ್ಲಿ ಬೇರಿಂಗ್ ಜಲಸಂಧಿಯ ಆಚೆ ಮಂಜಿನಲ್ಲಿ ಸಿಕ್ಕಿಹಾಕಿಕೊಂಡು, ಸುಮಾರು ಎರಡು ವರ್ಷ ಹಾಗೇ ತೇಲಿ, 1881ರ ಜೂನ್‌ನಲ್ಲಿ ಸೈಬೀರಿಯಾದ ಉತ್ತರಕ್ಕೆ ಪುಡಿಯಾಗಿ ಮುಳುಗಿತ್ತು. ಸಾಮಾನು ಸಿಕ್ಕಿದ್ದು ಭೂಗೋಳದ ಇನ್ನೊಂದು ಬದಿಯಲ್ಲಿ. ಒಂದು ಅಟ್ಲಾಸ್ ತೆಗೆದು ನೋಡಿ, ಈ ಎರಡು ಜಾಗಗಳ ಮಧ್ಯೆ ಇರೋದು ಇಡೀ ಆರ್ಕ್ಟಿಕ್ ಸಮುದ್ರ. ಯಾರೂ ದಾಟಿರದ ಆ ಸಮುದ್ರವನ್ನು ಒಂದು ಪ್ಯಾಂಟು ಮೂರು ವರ್ಷದಲ್ಲಿ ದಾಟಿತ್ತು!

ನಾರ್ವೆಯ ಹವಾಮಾನ ವಿಜ್ಞಾನಿ ಹೆನ್ರಿಕ್ ಮೋಹ್ನ್ ಈ ಬಗ್ಗೆ ಒಂದು ಪತ್ರಿಕೆಯಲ್ಲಿ ಬರೆದರು. ಸೈಬೀರಿಯಾ ಕಡೆಯಿಂದ ಗ್ರೀನ್‌ಲ್ಯಾಂಡ್ ಕಡೆಗೆ ಧ್ರುವ ಸಮುದ್ರದ ಮೂಲಕ ಒಂದು ಹರಿವು ಇರಲೇಬೇಕು ಅಂತ. ತುಂಬಾ ಜನ ಓದಿರಬೇಕು. ಓದಿ ಪೇಪರ್ ಮಡಚಿ ಇಟ್ಟಿರಬೇಕು. ಆದರೆ 23 ವರ್ಷದ ಒಬ್ಬ ಹುಡುಗನ ತಲೆಯಲ್ಲಿ ಅದು ಕೂತುಬಿಟ್ಟಿತು.

ಫ್ರಿಟ್ಯೋಫ್ ನಾನ್ಸೆನ್ ಹುಟ್ಟಿದ್ದು 1861ರ ಅಕ್ಟೋಬರ್ 10ರಂದು, ಕ್ರಿಸ್ತಿಯಾನಿಯ ಹತ್ತಿರ, ಅಂದ್ರೆ ಇವತ್ತಿನ ಓಸ್ಲೋ. ಅಪ್ಪ ವಕೀಲ. ಹುಡುಗ ಸ್ಕೀಯಿಂಗ್‌ನಲ್ಲಿ ಪಳಗಿದವನು. ಓದಿದ್ದು ಪ್ರಾಣಿಶಾಸ್ತ್ರ. ಎಂಜಿನಿಯರ್ ಅಲ್ಲ, ಸಮುದ್ರ ವಿಜ್ಞಾನಿಯೂ ಅಲ್ಲ. ಅಸಲಿಗೆ ಸಮುದ್ರ ವಿಜ್ಞಾನ ಅನ್ನೋ ಬ್ರ್ಯಾಂಚೇ ಆಗ ಸರಿಯಾಗಿ ಇರಲಿಲ್ಲ. 1882ರಲ್ಲಿ ಸೀಲ್ ಬೇಟೆಯ ಹಡಗೊಂದರಲ್ಲಿ ಆರ್ಕ್ಟಿಕ್‌ಗೆ ಹೋಗಿ ಬಂದ. ಗ್ರೀನ್‌ಲ್ಯಾಂಡಿನ ಪೂರ್ವಕ್ಕೆ ಹಡಗು ಮಂಜಿನಲ್ಲಿ ಸಿಕ್ಕಿಕೊಂಡು ವಾರಗಟ್ಟಲೆ ತೇಲಿತು. ಅಲ್ಲಿ ಮಂಜಿನ ಮೇಲೆ ಮರದ ದಿಮ್ಮಿಗಳು ಬಿದ್ದಿದ್ದನ್ನು ಅವನು ನೋಡಿದ್ದ. ಗ್ರೀನ್‌ಲ್ಯಾಂಡಿನಲ್ಲಿ ಅಂಥ ಮರ ಬೆಳೆಯಲ್ಲ. ಹಾಗಾದ್ರೆ ಅವು ಎಲ್ಲಿಂದ ಬಂದವು? ಆಮೇಲೆ ಬರ್ಗೆನ್ ಮ್ಯೂಸಿಯಂನಲ್ಲಿ ಕೆಲಸ, ನರಕೋಶಗಳ ಮೇಲೆ ಸಂಶೋಧನೆ, 1888ರಲ್ಲಿ ಡಾಕ್ಟರೇಟ್. ಅದೂ ಸಣ್ಣ ಕೆಲಸವೇನಲ್ಲ, ಆದರೆ ನಮಗೆ ಇಲ್ಲಿ ಬೇಕಾಗಿರೋದು ನೀರು.

ಅದೇ 1888ರಲ್ಲಿ ಅವನು ಮತ್ತು ಇನ್ನೂ ಐದು ಜನ ಗ್ರೀನ್‌ಲ್ಯಾಂಡನ್ನು ಸ್ಕೀ ಮೇಲೆ ದಾಟಿದರು. ಎಲ್ಲರೂ ಜನವಸತಿ ಇರುವ ಪಶ್ಚಿಮ ತೀರದಿಂದ ಹೊರಡುತ್ತಿದ್ದರು, ಕಷ್ಟವಾದರೆ ವಾಪಸ್ ಬರಬಹುದು ಅಂತ. ಇವನು ಖಾಲಿ ಪೂರ್ವ ತೀರದಿಂದ ಹೊರಟ. ವಾಪಸ್ ಬಂದರೆ ಅಲ್ಲಿ ಯಾರೂ ಇಲ್ಲ, ಆದ್ದರಿಂದ ಮುಂದೆ ಹೋಗಲೇಬೇಕು. ಈ ಯಾತ್ರೆಯ ಬಗ್ಗೆ ಹೇಳುವವರು ಸಾಮಾನ್ಯವಾಗಿ ಬಿಟ್ಟುಬಿಡೋ ಭಾಗ ಶುರುವಿನದು. ಹಡಗಿನಿಂದ ಸಣ್ಣ ದೋಣಿಗಳಲ್ಲಿ ಇಳಿದಾಗ ತೀರ ಕಣ್ಣಿಗೆ ಕಾಣುತ್ತಿತ್ತು. ಆದರೆ ಮಧ್ಯದ ಮಂಜು ದಕ್ಷಿಣಕ್ಕೆ ಹರಿಯುತ್ತಿತ್ತು. ಆರೂ ಜನ ಹುಟ್ಟು ಹಾಕಿದರು, ದೋಣಿ ಎಳೆದರು, ಮಂಜಿನ ಮೇಲೆ ಮಲಗಿದರು. ಹನ್ನೆರಡು ದಿನ ಆದಮೇಲೆ ತೀರ ಮುಟ್ಟಿದಾಗ ಅಂದುಕೊಂಡ ಜಾಗದಿಂದ ಸುಮಾರು 380 ಕಿ.ಮೀ. ದಕ್ಷಿಣದಲ್ಲಿದ್ದರು. ಅಂದ್ರೆ ಬೆಂಗಳೂರಲ್ಲಿ ಇಳೀಬೇಕಿದ್ದವನು ಕನ್ಯಾಕುಮಾರಿಯ ದಾರಿಯಲ್ಲಿ ಮುಕ್ಕಾಲು ಭಾಗ ಹೋಗಿಬಿಟ್ಟ ಹಾಗೆ. ಪ್ರವಾಹದ ಎದುರು ಸ್ನಾಯುಬಲ ಎಷ್ಟು ಉಪಯೋಗಕ್ಕೆ ಬರುತ್ತೆ ಅನ್ನೋದು ಅವನಿಗೆ ಅಲ್ಲೇ ಗೊತ್ತಾಗಿರಬೇಕು.

1890ರಲ್ಲಿ ಅವನು ತನ್ನ ಪ್ಲಾನ್ ಮುಂದಿಟ್ಟ. ಅಲ್ಲಿಯವರೆಗೆ ಧ್ರುವಕ್ಕೆ ಹೊರಟವರೆಲ್ಲ ಮಂಜಿನ ಜೊತೆ ಜಗಳ ಆಡಿದವರು. ಹಡಗು ಮಂಜಿನಲ್ಲಿ ಸಿಕ್ಕಿಕೊಳ್ಳದ ಹಾಗೆ ನೋಡಿಕೊಳ್ಳೋದೇ ಅವರ ಕೆಲಸವಾಗಿತ್ತು. ನಾನ್ಸೆನ್ ಹೇಳಿದ್ದು ಉಲ್ಟಾ. ಬೇಕಂತಲೇ ಸಿಕ್ಕಿಕೊಳ್ಳೋಣ. ಜೆನೆಟ್ ಮುಳುಗಿದ ಜಾಗದ ಹತ್ತಿರ ಹೋಗಿ, ಹಡಗನ್ನು ಮಂಜಿಗೆ ಒಪ್ಪಿಸಿ ಸುಮ್ಮನೆ ಕೂರೋಣ. ಪ್ಯಾಂಟನ್ನು ಹೊತ್ತುಕೊಂಡು ಬಂದ ಹರಿವು ನಮ್ಮನ್ನೂ ತರುತ್ತೆ. ದಾರಿಯಲ್ಲಿ ಧ್ರುವ ಸಿಗಬಹುದು, ಸಿಗದಿದ್ದರೂ ಪರವಾಗಿಲ್ಲ.

1892ರಲ್ಲಿ ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿಯಲ್ಲಿ ಇದನ್ನೇ ವಿವರಿಸಿದಾಗ ಅಲ್ಲಿ ಕೂತಿದ್ದ ಹಳೇ ಆರ್ಕ್ಟಿಕ್ ಹುಲಿಗಳಲ್ಲಿ ಹೆಚ್ಚಿನವರು ತಲೆ ಅಲ್ಲಾಡಿಸಿದರು. ಅಮೆರಿಕದ ಗ್ರೀಲಿಯಂತೂ ಇದು ಆತ್ಮಹತ್ಯೆಯ ಪ್ಲಾನ್ ಅನ್ನೋ ಅರ್ಥದಲ್ಲೇ ಬರೆದ. ಅವರ ಅನುಮಾನ ದಡ್ಡತನದ್ದಲ್ಲ, ಅದನ್ನೂ ಒಪ್ಪಬೇಕು. ಮಂಜು ಹಡಗನ್ನು ಪುಡಿ ಮಾಡಿದ್ದನ್ನು ಅವರು ಕಣ್ಣಾರೆ ಕಂಡಿದ್ದರು ಅಥವಾ ಕೇಳಿದ್ದರು. ಒಂದು ಪ್ಯಾಂಟಿನ ಆಧಾರದ ಮೇಲೆ ಹದಿಮೂರು ಜೀವ ಪಣಕ್ಕಿಡೋದು ನಮ್ಮ ಪ್ರಾಜೆಕ್ಟ್ ಗೈಡ್‌ಗಳಿಗೂ ಒಪ್ಪಿಗೆ ಆಗುತ್ತಿರಲಿಲ್ಲ.

ಇಲ್ಲಿ ಮೆಕ್ಯಾನಿಕಲ್ ಮತ್ತು ಸಿವಿಲ್‌ನವರು ಸ್ವಲ್ಪ ಗಮನ ಕೊಡಿ. ಹಡಗು ಕಟ್ಟಿದ್ದು ಕಾಲಿನ್ ಆರ್ಚರ್. ಹೆಸರು ಫ್ರಾಮ್, ಅಂದ್ರೆ ಮುಂದಕ್ಕೆ. ಉದ್ದ ಸುಮಾರು 39 ಮೀಟರ್, ಅಗಲ 11 ಮೀಟರ್. ಉದ್ದಕ್ಕೆ ಹೋಲಿಸಿದರೆ ಗುಂಡುಗುಂಡಾದ ಹಡಗು. ಮಂಜಿನ ಒತ್ತಡವನ್ನು ತಡೆದು ನಿಲ್ಲೋ ಗೋಡೆ ಕಟ್ಟೋದು ಆರ್ಚರ್‌ನ ಉದ್ದೇಶ ಆಗಿರಲಿಲ್ಲ. ಒತ್ತಡ ಹಿಡಿತಕ್ಕೇ ಸಿಗದ ಹಾಗೆ ಮಾಡೋದು ಅವನ ಲೆಕ್ಕ. ಒದ್ದೆ ಹಲಸಿನ ಬೀಜವನ್ನು ಎರಡು ಬೆರಳಲ್ಲಿ ಒತ್ತಿದರೆ ಪುಳಕ್ ಅಂತ ಮೇಲೆ ಚಿಮ್ಮುತ್ತಲ್ಲ, ಹಾಗೆ. ಬದಿಗಳು ದುಂಡಗೆ, ನುಣುಪಾಗಿ. ಚುಕ್ಕಾಣಿ ಮತ್ತು ಪ್ರೊಪೆಲ್ಲರನ್ನು ಮೇಲೆ ಎಳೆದುಕೊಳ್ಳೋ ವ್ಯವಸ್ಥೆ. ಮಂಜಿನಲ್ಲಿ ನಿಂತ ಮೇಲೆ ಸ್ಟೀಮ್ ಎಂಜಿನ್ ಬಿಚ್ಚಿಟ್ಟು, ಡೆಕ್ ಮೇಲೆ ಗಾಳಿಯಂತ್ರ ನಿಲ್ಲಿಸಿ ಡೈನಮೋ ತಿರುಗಿಸಿ ದೀಪ ಉರಿಸಿದರು. 1893ರಲ್ಲಿ, ಧ್ರುವದ ಕತ್ತಲೆಯಲ್ಲಿ, ಗಾಳಿಯಿಂದ ಕರೆಂಟು! ಬೆಲೆಯನ್ನೂ ತೆತ್ತರು. ದುಂಡು ತಳದ ಹಡಗು ತೆರೆದ ಸಮುದ್ರದಲ್ಲಿ ಭಯಂಕರವಾಗಿ ಹೊರಳಾಡುತ್ತಿತ್ತು. ಒಂದೇ ಕೆಲಸಕ್ಕೆ ಅಂತ ಡಿಸೈನ್ ಮಾಡಿದ ವಸ್ತುವಿನ ಹಣೆಬರಹ ಅದು.

1893ರ ಜೂನ್ 24ರಂದು ಫ್ರಾಮ್ ಕ್ರಿಸ್ತಿಯಾನಿಯದಿಂದ ಹೊರಟಿತು. ಹದಿಮೂರು ಜನ, ಐದು ವರ್ಷಕ್ಕಾಗುವಷ್ಟು ಊಟ. ಕ್ಯಾಪ್ಟನ್ ಒಟ್ಟೋ ಸ್ವೆರ್ದ್ರುಪ್. ಹೋಗಲೇಬೇಕು ಅನ್ನೋ ಹಟಕ್ಕೆ ಬೆಂಕಿಗೆ ಕಲ್ಲಿದ್ದಲು ಹಾಕೋ ಕೆಲಸಕ್ಕೆ ಸೇರಿಕೊಂಡ ಯಾಲ್ಮಾರ್ ಯೊಹಾನ್ಸೆನ್ ಅನ್ನೋ ಒಬ್ಬನಿದ್ದ, ಅವನು ಮುಂದೆ ಬರ್ತಾನೆ.

ಸೈಬೀರಿಯಾದ ತೀರದಲ್ಲಿ ಆಗಸ್ಟ್ ಕೊನೆಗೆ ಒಂದು ವಿಚಿತ್ರ ನಡೆಯಿತು. ಎಂಜಿನ್ ಪೂರ್ತಿ ಜೋರಲ್ಲಿ ಓಡುತ್ತಿದೆ, ಸಮುದ್ರ ಶಾಂತವಾಗಿದೆ, ಆದರೆ ಹಡಗು ತೆವಳುತ್ತಿದೆ. ಯಾರೋ ಹಿಂದಿನಿಂದ ಹಿಡಿದುಕೊಂಡ ಹಾಗೆ. ನಾವಿಕರು ಇದನ್ನು ಸತ್ತ ನೀರು ಅಂತ ಕರೆಯುತ್ತಿದ್ದರು. ಮಂಜು ಕರಗಿ ಬಂದ ಸಿಹಿನೀರು ಉಪ್ಪುನೀರಿನ ಮೇಲೆ ತೆಳು ಪದರವಾಗಿ ಕೂತಿದೆ ಅನ್ನೋದನ್ನು ನಾನ್ಸೆನ್ ಗಮನಿಸಿ ಬರೆದಿಟ್ಟ. ಕಾರಣ ಅವನಿಗೆ ಪೂರ್ತಿ ಹೊಳೆಯಲಿಲ್ಲ. ಹಡಗಿನ ಶಕ್ತಿಯೆಲ್ಲ ಎರಡು ಪದರಗಳ ಮಧ್ಯೆ ಕಣ್ಣಿಗೆ ಕಾಣದ ಅಲೆ ಎಬ್ಬಿಸೋದಕ್ಕೇ ಖರ್ಚಾಗುತ್ತಿತ್ತು ಅನ್ನೋದು ಆಮೇಲೆ ತಿಳಿದದ್ದು.

ಸೆಪ್ಟೆಂಬರ್ 22ರಂದು, 78 ಡಿಗ್ರಿ 49 ಮಿನಿಟ್ ಉತ್ತರ ಅಕ್ಷಾಂಶದಲ್ಲಿ, ಹಡಗನ್ನು ಮಂಜಿಗೆ ಕಟ್ಟಿದರು. ಅಕ್ಟೋಬರ್‌ನಲ್ಲಿ ಮಂಜು ಒತ್ತಲು ಶುರು ಮಾಡಿತು, ಗುಡುಗಿನ ಹಾಗೆ ಸದ್ದು. ಫ್ರಾಮ್ ಮೆಲ್ಲಗೆ ಮೇಲೆ ಎದ್ದಿತು, ಒತ್ತಡ ಇಳಿದಾಗ ಮತ್ತೆ ಕೂತಿತು. ಆರ್ಚರ್‌ನ ಡಿಸೈನ್ ಪಾಸ್.

ನಾನ್ಸೆನ್‌ನ ಡಿಸೈನ್ ಮಾತ್ರ ಫೇಲ್ ಆಗೋ ಲಕ್ಷಣ ಕಾಣಿಸಿತು. ಹಡಗು ಉತ್ತರಕ್ಕೆ ಹೋಗಲೇ ಇಲ್ಲ. ಒಂದು ವಾರ ಆಕಡೆ, ಒಂದು ವಾರ ಈಕಡೆ, ಸುತ್ತುಹಾಕಿಕೊಂಡು ನವೆಂಬರ್‌ನಲ್ಲಿ ನೋಡಿದರೆ ಹೊರಟ ಜಾಗಕ್ಕಿಂತ ದಕ್ಷಿಣದಲ್ಲಿತ್ತು. 80 ಡಿಗ್ರಿ ದಾಟುವ ಹೊತ್ತಿಗೆ 1894ರ ಫೆಬ್ರುವರಿ ಬಂತು. ಈ ವೇಗದಲ್ಲಿ ಐದು ವರ್ಷವೇ ಬೇಕಾಗಬಹುದು ಅನ್ನೋ ಲೆಕ್ಕ ಬರ್ತಿತ್ತು. ಗಾಳಿಯ ದಿಕ್ಕು ನೋಡಿಕೊಂಡು ಅವನ ಮನಸ್ಸು ದಿನಾ ಏರುತ್ತಿತ್ತು, ಇಳಿಯುತ್ತಿತ್ತು. ಪ್ರವಾಹಕ್ಕೆ ಒಪ್ಪಿಸಿಕೊಳ್ಳಬೇಕು ಅಂತ ಜಗತ್ತಿಗೆ ಹೇಳಿದವನು ಅವನೇ. ಒಪ್ಪಿಸಿಕೊಂಡು ಕೂರೋಕೆ ಆಗದೇ ಒದ್ದಾಡಿದವನೂ ಅವನೇ.

ಒದ್ದಾಡುತ್ತಲೇ ಅಳೆಯುತ್ತಿದ್ದರು. ಅದನ್ನು ಮಾತ್ರ ನಿಲ್ಲಿಸಲಿಲ್ಲ. ಆರ್ಕ್ಟಿಕ್ ಆಳ ಇಲ್ಲದ ಸಮುದ್ರ ಅಂತ ಆಗಿನ ನಂಬಿಕೆ, ನಾನ್ಸೆನ್‌ನದೂ ಅದೇ. ತಂದಿದ್ದ ಹಗ್ಗ ತಳ ಮುಟ್ಟಲಿಲ್ಲ. ಹಡಗಿನಲ್ಲಿದ್ದ ಒಂದು ಸ್ಟೀಲ್ ಕೇಬಲ್‌ನ ಎಳೆಗಳನ್ನು ಬಿಚ್ಚಿ, ಹೆಪ್ಪುಗಟ್ಟೋ ಚಳಿಯಲ್ಲಿ ಮಂಜಿನ ಮೇಲೆ ಮತ್ತೆ ಹುರಿ ಮಾಡಿ ಉದ್ದನೆಯ ತಂತಿ ತಯಾರಿಸಿದರು. ಆಳ 3000 ಮೀಟರಿಗೂ ಹೆಚ್ಚು ಬಂತು! ಆಮೇಲೆ ಬೇರೆ ಬೇರೆ ಆಳದ ನೀರಿನ ಉಷ್ಣಾಂಶ. ಮೇಲೆ ಶೂನ್ಯಕ್ಕಿಂತ ಕೆಳಗಿರೋ ತಣ್ಣನೆ ನೀರು, ಅದರಲ್ಲಿ ಉಪ್ಪು ಕಡಿಮೆ, ಯಾಕಂದ್ರೆ ಸೈಬೀರಿಯಾದ ಲೆನಾ, ಯೆನಿಸೆಯ್, ಓಬ್ ನದಿಗಳು ಅಷ್ಟು ಸಿಹಿನೀರು ಸುರಿಯುತ್ತವೆ. ಸುಮಾರು 200 ಮೀಟರ್ ಕೆಳಗೆ ಹೋದರೆ ನೀರು ಬೆಚ್ಚಗಾಗುತ್ತೆ, ಶೂನ್ಯಕ್ಕಿಂತ ಮೇಲೆ. ಅದು ಅಟ್ಲಾಂಟಿಕ್‌ನಿಂದ ಬಂದ ನೀರು. ಬೆಚ್ಚಗಿದ್ದರೂ ಉಪ್ಪು ಜಾಸ್ತಿ, ಹಾಗಾಗಿ ಭಾರ, ಹಾಗಾಗಿ ಕೆಳಗೆ ನುಗ್ಗಿಕೊಂಡು ಒಳಗೆ ಬರುತ್ತೆ. ಮೇಲೆ ಮಂಜನ್ನು ಹೊತ್ತುಕೊಂಡು ಹೊರಗೆ ಹೋಗೋ ಹರಿವು, ಕೆಳಗೆ ಒಳಗೆ ಬರೋ ಹರಿವು. ಮಂಜಿನ ಮುಚ್ಚಳದ ಅಡಿಯಲ್ಲಿ ಎರಡು ಅಂತಸ್ತಿನ ಟ್ರಾಫಿಕ್.

ಇನ್ನೊಂದು ಸಣ್ಣ ವಿಷಯ ಅವನ ಕಣ್ಣಿಗೆ ಬಿತ್ತು. ಗಾಳಿ ಎತ್ತ ಬೀಸುತ್ತೋ ಮಂಜು ಅತ್ತ ಹೋಗಬೇಕು ತಾನೆ? ಹೋಗಲಿಲ್ಲ. ಪ್ರತಿ ಸಲವೂ ಗಾಳಿಯ ದಿಕ್ಕಿಗಿಂತ 20ರಿಂದ 40 ಡಿಗ್ರಿ ಬಲಕ್ಕೆ ವಾಲಿಕೊಂಡು ಹೋಗುತ್ತಿತ್ತು. ನಮ್ಮ ಲ್ಯಾಬ್‌ನಲ್ಲಿ ಹೀಗಾದರೆ ನಾವೇನು ಮಾಡ್ತೀವಿ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ರೀಡಿಂಗ್ ಸ್ವಲ್ಪ ಸರಿ ಮಾಡಿ ಬರೆದುಬಿಡ್ತೀವಿ. ನಾನ್ಸೆನ್ ಹಾಗೇ ಬರೆದಿಟ್ಟ, ಯೋಚಿಸಿದ. ಭೂಮಿ ತಿರುಗುತ್ತಿರೋದರಿಂದ ಉತ್ತರಾರ್ಧಗೋಳದಲ್ಲಿ ಚಲಿಸುವ ವಸ್ತು ಬಲಕ್ಕೆ ವಾಲುತ್ತೆ. ಮೇಲಿನ ನೀರು ತನ್ನ ಕೆಳಗಿನ ನೀರನ್ನು ಎಳೆಯುತ್ತೆ, ಆ ಪದರ ಇನ್ನೂ ಬಲಕ್ಕೆ ವಾಲುತ್ತೆ, ಅದು ತನ್ನ ಕೆಳಗಿನದನ್ನು ಎಳೆಯುತ್ತೆ. ಚಿತ್ರ ಸರಿ ಇತ್ತು. ಗಣಿತ ಅವನ ಕೈಗೆ ಸಿಗಲಿಲ್ಲ.

1895 ಬಂತು. ಜನವರಿಯಲ್ಲಿ ಮಂಜಿನ ದೊಡ್ಡ ರಾಶಿಯೊಂದು ಹಡಗಿನ ಮೇಲೇ ಏರಿ ಬಂದು ಎಲ್ಲರೂ ಸಾಮಾನು ಕೆಳಗಿಳಿಸಿ ಸಜ್ಜಾಗಿದ್ದರು, ಫ್ರಾಮ್ ಬಿಡಿಸಿಕೊಂಡಿತು. ಆದರೆ ಹರಿವು ಧ್ರುವದ ಮೇಲೆ ಹಾಯೋದಿಲ್ಲ, ಪಕ್ಕದಲ್ಲಿ ಹೋಗುತ್ತೆ ಅನ್ನೋದು ಅಷ್ಟರಲ್ಲಿ ಖಚಿತವಾಗಿತ್ತು. ಮಾರ್ಚ್ 14ರಂದು ನಾನ್ಸೆನ್ ಹಡಗನ್ನು ಸ್ವೆರ್ದ್ರುಪ್‌ಗೆ ಬಿಟ್ಟು ಯೊಹಾನ್ಸೆನ್ ಜೊತೆ ಕಾಲ್ನಡಿಗೆಯಲ್ಲಿ ಧ್ರುವಕ್ಕೆ ಹೊರಟ. 28 ನಾಯಿ, ಮೂರು ಸ್ಲೆಡ್ಜ್, ಎರಡು ಕಯಾಕ್. ಚಲಿಸುತ್ತಿರೋ ಹಡಗಿಗೆ ವಾಪಸ್ ಬರೋ ದಾರಿಯೇ ಇಲ್ಲ, ಗ್ರೀನ್‌ಲ್ಯಾಂಡ್‌ನ ಅದೇ ಹಳೇ ಲೆಕ್ಕ. ನಾಯಕ ತನ್ನ ತಂಡವನ್ನು ಬಿಟ್ಟು ಹೋಗಿದ್ದು ಸರಿಯೇ ಅಂತ ಆಗಲೂ ಕೇಳಿದವರಿದ್ದಾರೆ. ನನಗೂ ಇದು ಅವನ ಅಸಹನೆಯೇ ಅನ್ನಿಸುತ್ತೆ.

ಮೊದಲ ದಿನಗಳು ಚೆನ್ನಾಗಿ ಸಾಗಿದವು. ಆಮೇಲೆ ಲೆಕ್ಕ ತಪ್ಪತೊಡಗಿತು. ದಿನವಿಡೀ ಉತ್ತರಕ್ಕೆ ನಡೆದು ಅಕ್ಷಾಂಶ ಅಳೆದರೆ ನಡೆದಷ್ಟು ಬಂದಿಲ್ಲ. ಕಾಲ ಕೆಳಗಿನ ಮಂಜೇ ದಕ್ಷಿಣಕ್ಕೆ ಹರಿಯುತ್ತಿತ್ತು. ಟ್ರೆಡ್‌ಮಿಲ್ ಮೇಲೆ ಓಡಿದ ಹಾಗೆ. ಏಪ್ರಿಲ್ 8ರಂದು, 86 ಡಿಗ್ರಿ 14 ಮಿನಿಟ್ ಹತ್ತಿರ, ಧ್ರುವ ಇನ್ನೂ 400 ಕಿ.ಮೀ.ಗಿಂತ ದೂರ ಇರುವಾಗ, ವಾಪಸ್ ತಿರುಗಿದರು. ಅಲ್ಲಿಯವರೆಗೆ ಮನುಷ್ಯ ಅಷ್ಟು ಉತ್ತರಕ್ಕೆ ಹೋಗಿರಲಿಲ್ಲ. ನಾಲ್ಕು ದಿನ ಬಿಟ್ಟು ಸುಸ್ತಿನಲ್ಲಿ ಇಬ್ಬರೂ ಗಡಿಯಾರಕ್ಕೆ ಕೀ ಕೊಡೋದು ಮರೆತರು, ಎರಡೂ ನಿಂತವು. ಸರಿಯಾದ ಸಮಯ ಗೊತ್ತಿಲ್ಲದಿದ್ದರೆ ರೇಖಾಂಶ ಗೊತ್ತಾಗಲ್ಲ. ಅಲ್ಲಿಂದಾಚೆ ತಾವು ಎಲ್ಲಿದ್ದೀವಿ ಅನ್ನೋದೇ ಅಂದಾಜು.

ಒಂದೊಂದಾಗಿ ನಾಯಿಗಳನ್ನು ಕೊಂದು ಉಳಿದ ನಾಯಿಗಳಿಗೆ ಹಾಕಿದರು. ಕೊನೆಗೆ ಎರಡೇ ಉಳಿದವು, ತಮ್ಮ ನಾಯಿಯನ್ನು ತಾವೇ ಕೊಲ್ಲೋಕೆ ಆಗದೇ ಒಬ್ಬರದನ್ನು ಇನ್ನೊಬ್ಬರು ಹೊಡೆದರು. ಫ್ರಾಂಜ್ ಜೋಸೆಫ್ ದ್ವೀಪಗಳಲ್ಲಿ ಕಲ್ಲು ಪೇರಿಸಿ, ವಾಲ್ರಸ್ ಚರ್ಮದ ಸೂರು ಹಾಕಿ, ಆ ಗೂಡಿನಲ್ಲಿ ಎಂಟು ತಿಂಗಳು ಕಳೆದರು. ಊಟ ಬರೀ ಕರಡಿ ಮತ್ತು ವಾಲ್ರಸ್. ಆಶ್ಚರ್ಯ ಅಂದ್ರೆ ಇಬ್ಬರ ತೂಕವೂ ಹೆಚ್ಚಿತ್ತು. ಒಂದೇ ಚೀಲದಲ್ಲಿ ಮಲಗುತ್ತಿದ್ದ ಇವರಿಬ್ಬರೂ ಅಷ್ಟು ದಿನ ಪರಸ್ಪರ ಬಹುವಚನದಲ್ಲೇ ಮಾತಾಡುತ್ತಿದ್ದರಂತೆ. 1895ರ ಡಿಸೆಂಬರ್ 31ರ ರಾತ್ರಿ, ಇನ್ನು ನೀವು ಬೇಡ, ನೀನು ಅನ್ನೋಣ ಅಂತ ನಾನ್ಸೆನ್ ಸೂಚಿಸಿದ ಅಂತ ಹೇಳ್ತಾರೆ. (ನಾನು ಮೊದಲ ಪ್ಯಾರಾದಿಂದಲೇ ಏಕವಚನಕ್ಕೆ ಇಳಿದಿದ್ದೀನಿ, ಕ್ಷಮೆ ಇರಲಿ.)

1896ರ ಜೂನ್‌ನಲ್ಲಿ ಒಂದು ದಿನ ದಡಕ್ಕೆ ಕಟ್ಟಿದ್ದ ಕಯಾಕ್‌ಗಳು ಬಿಚ್ಚಿಕೊಂಡು ಗಾಳಿಗೆ ತೇಲಿಹೋದವು. ಊಟ, ಕೋವಿ, ಎಲ್ಲಾ ಅದರಲ್ಲೇ. ನಾನ್ಸೆನ್ ಹಿಮದಂಥ ನೀರಿಗೆ ಹಾರಿ ಈಜಿ ಹಿಡಿದು ತಂದ. ಮೈ ಮರಗಟ್ಟಿತ್ತು, ಆದರೆ ಬಿಟ್ಟಿದ್ದರೆ ಇಬ್ಬರೂ ಅಲ್ಲೇ ಮುಗಿಯುತ್ತಿದ್ದರು. ಐದು ದಿನ ಆದಮೇಲೆ, ಜೂನ್ 17ರಂದು, ನಾಯಿ ಬೊಗಳೋದು ಕೇಳಿಸಿತು. ಇಂಗ್ಲೆಂಡಿನ ಫ್ರೆಡರಿಕ್ ಜಾಕ್ಸನ್ ಅನ್ನುವವನ ತಂಡ ಅದೇ ದ್ವೀಪಗಳಲ್ಲಿ ಬೀಡುಬಿಟ್ಟಿತ್ತು. ಅವನ ಹಡಗಿನಲ್ಲಿ ಆಗಸ್ಟ್ 13ರಂದು ನಾರ್ವೆಯ ವಾರ್ಡೋ ಬಂದರಿಗೆ ಬಂದರು.

ಫ್ರಾಮ್ ಏನಾಯ್ತು? ಯಾರಿಗೂ ಗೊತ್ತಿರಲಿಲ್ಲ. ಒಂದು ವಾರ ಕಳೆದ ಮೇಲೆ ತಂತಿ ಬಂತು. ಎಲ್ಲರೂ ಕ್ಷೇಮ. ಸ್ಪಿಟ್ಸ್‌ಬರ್ಗನ್ ದ್ವೀಪದ ಉತ್ತರಕ್ಕೆ, ನಾನ್ಸೆನ್ ಹೇಳಿದ್ದ ಕಡೆಯೇ, ಹಡಗು ಮಂಜಿನಿಂದ ಹೊರಬಿದ್ದಿತ್ತು. ದಿನಾಂಕ ಅದೇ ಆಗಸ್ಟ್ 13! ಹದಿಮೂರರಲ್ಲಿ ಹದಿಮೂರೂ ಜನ ಜೀವಂತ. ನನ್ನನ್ನು ಹೆಚ್ಚು ಕಾಡೋ ಸಂಗತಿ ಇನ್ನೊಂದು. ಸ್ವೆರ್ದ್ರುಪ್ ಮತ್ತು ಉಳಿದವರು ಹಡಗಿನಲ್ಲೇ ಕೂತು ತೇಲುತ್ತಾ 85 ಡಿಗ್ರಿ 57 ಮಿನಿಟ್‌ವರೆಗೆ ಹೋಗಿದ್ದರು. ನಾನ್ಸೆನ್ ನಾಯಿಗಳನ್ನು ಕೊಂದು, ಜೀವ ಹಿಂಡಿಕೊಂಡು ತಲುಪಿದ್ದು ಅದಕ್ಕಿಂತ 17 ಮಿನಿಟ್ ಹೆಚ್ಚು. ಉತ್ತರ ದಿಕ್ಕಿನಲ್ಲಿ ಲೆಕ್ಕ ಹಾಕಿದರೆ ಬರೀ 31 ಕಿ.ಮೀ. ವ್ಯತ್ಯಾಸ.

ಧ್ರುವ ಸಿಗಲಿಲ್ಲ. ಆದರೆ ತಂದ ನೋಟ್‌ಬುಕ್‌ಗಳು ಇದ್ದವು. ಆ ಬಲಕ್ಕೆ ವಾಲೋ ಸಮಸ್ಯೆಯನ್ನು ನಾನ್ಸೆನ್ ವಿಲ್ಹೆಲ್ಮ್ ಬ್ಯರ್ಕ್ನೆಸ್ ಅನ್ನೋ ಪ್ರೊಫೆಸರ್ ಮುಂದಿಟ್ಟ. ಬ್ಯರ್ಕ್ನೆಸ್ ಅದನ್ನು ತನ್ನ ವಿದ್ಯಾರ್ಥಿ, ಸ್ವೀಡನ್ನಿನ ವಾಗ್ನ್ ವಾಲ್‌ಫ್ರಿಡ್ ಎಕ್ಮನ್‌ಗೆ ಕೊಟ್ಟ. ಹುಡುಗ ಅದೇ ಸಂಜೆ ಉತ್ತರ ಹಿಡಿದುಕೊಂಡು ಬಂದ ಅಂತ ಒಂದು ಕಥೆ ಇದೆ. 1905ರ ಅವನ ಪೇಪರ್ ಇವತ್ತಿಗೂ ಪಾಠ. ಭೂಮಿಯ ಪರಿಭ್ರಮಣೆ ಮತ್ತು ನೀರಿನ ಸ್ನಿಗ್ಧತೆ ಎರಡನ್ನೂ ಸೇರಿಸಿ ಸಮೀಕರಣ ಬಿಡಿಸಿದರೆ, ಮೇಲ್ಮೈ ನೀರು ಗಾಳಿಗಿಂತ 45 ಡಿಗ್ರಿ ಬಲಕ್ಕೆ ಹೋಗುತ್ತೆ, ಕೆಳಗಿಳಿದ ಹಾಗೆ ಪ್ರತಿ ಪದರ ಇನ್ನಷ್ಟು ತಿರುಗಿ ನಿಧಾನವಾಗುತ್ತೆ, ಸುರುಳಿ ಮೆಟ್ಟಿಲಿನ ಹಾಗೆ. ಎಲ್ಲಾ ಪದರಗಳನ್ನೂ ಕೂಡಿಸಿದರೆ ಒಟ್ಟು ನೀರು ಸಾಗೋದು ಗಾಳಿಗೆ ಸರಿಯಾಗಿ 90 ಡಿಗ್ರಿ ಬಲಕ್ಕೆ. ಸತ್ತ ನೀರಿನ ಒಗಟನ್ನೂ ತೊಟ್ಟಿಯಲ್ಲಿ ಮಾದರಿ ದೋಣಿ ಎಳೆದು ಬಿಡಿಸಿದವನು ಇದೇ ಎಕ್ಮನ್.

ಇದು ನಮ್ಮ ಊಟದ ತಟ್ಟೆಗೂ ಬರುತ್ತೆ. ಮಳೆಗಾಲದಲ್ಲಿ ಕೇರಳದಿಂದ ನಮ್ಮ ಮಂಗಳೂರು ಕಡೆಯ ತನಕ ಕರಾವಳಿಯುದ್ದಕ್ಕೂ ಗಾಳಿಯ ಒಂದಂಶ ಉತ್ತರದಿಂದ ದಕ್ಷಿಣಕ್ಕೆ ಬೀಸುತ್ತೆ. ಅದರ ಬಲಕ್ಕೆ ಅಂದ್ರೆ ಪಶ್ಚಿಮಕ್ಕೆ, ತೆರೆದ ಸಮುದ್ರ. ಮೇಲಿನ ನೀರು ದಡ ಬಿಟ್ಟು ಸರಿಯುತ್ತೆ, ಆ ಜಾಗ ತುಂಬೋಕೆ ಆಳದ ತಣ್ಣನೆ ನೀರು ಪೋಷಕಾಂಶ ಹೊತ್ತು ಮೇಲೇಳುತ್ತೆ. ಬೂತಾಯಿ, ಬಂಗುಡೆ ಆ ಕಡಲಲ್ಲಿ ಅಷ್ಟು ಸಿಗೋದಕ್ಕೆ ಇದೂ ಒಂದು ಕಾರಣ.

ನಾನ್ಸೆನ್ ಮುಂದೆ ಸಮುದ್ರ ವಿಜ್ಞಾನದ ಪ್ರೊಫೆಸರ್ ಆದ. ಬೇಕಾದ ಆಳದಲ್ಲಿ ತಲೆಕೆಳಗಾಗಿ ಮುಚ್ಚಿಕೊಂಡು ನೀರು ಹಿಡಿದು ತರೋ ಲೋಹದ ಬಾಟಲಿ ರೂಪಿಸಿದ, ಅದನ್ನು ನಾನ್ಸೆನ್ ಬಾಟಲ್ ಅಂತಲೇ ಜಗತ್ತು ದಶಕಗಳ ಕಾಲ ಬಳಸಿತು. 1906ರಲ್ಲಿ ಲಂಡನ್ನಿನಲ್ಲಿ ನಾರ್ವೆಯ ರಾಯಭಾರಿ. ಮೊದಲ ಮಹಾಯುದ್ಧ ಮುಗಿದ ಮೇಲೆ ರಾಷ್ಟ್ರಸಂಘದ ಪರವಾಗಿ ನಾಲ್ಕು ಲಕ್ಷಕ್ಕೂ ಹೆಚ್ಚು ಯುದ್ಧಕೈದಿಗಳನ್ನು ಮನೆ ಸೇರಿಸಿದ. ದೇಶವೇ ಇಲ್ಲದ ನಿರಾಶ್ರಿತರಿಗೆ ಅವನ ಹೆಸರಿನ ಪಾಸ್‌ಪೋರ್ಟ್ ಬಂತು. 1922ರಲ್ಲಿ ಶಾಂತಿ ನೊಬೆಲ್. ಇದೆಲ್ಲ ಇನ್ನೊಂದು ಲೇಖನಕ್ಕೆ ಆಗುವಷ್ಟಿದೆ, ಯಾರಾದರೂ ಬರೀರಿ.

ಯೊಹಾನ್ಸೆನ್‌ಗೆ ಅಂಥ ಎರಡನೇ ಜೀವನ ಸಿಗಲಿಲ್ಲ. ಕುಡಿತ, ಸಾಲ. ಅಮುಂಡ್ಸೆನ್ ಜೊತೆ ಅದೇ ಫ್ರಾಮ್‌ನಲ್ಲಿ ದಕ್ಷಿಣಕ್ಕೆ ಹೋಗಿ, ಜಗಳವಾಗಿ, ದಕ್ಷಿಣ ಧ್ರುವಕ್ಕೆ ಹೋದ ಗುಂಪಿನಿಂದ ಹೊರಗುಳಿದು, 1913ರ ಜನವರಿಯಲ್ಲಿ ಗುಂಡು ಹೊಡೆದುಕೊಂಡ. ನಾನ್ಸೆನ್ 1930ರ ಮೇ 13ರಂದು ತನ್ನ ಮನೆಯಲ್ಲಿ ತೀರಿಕೊಂಡ.

ಗ್ರೀನ್‌ಲ್ಯಾಂಡ್ ಮತ್ತು ಸ್ಪಿಟ್ಸ್‌ಬರ್ಗನ್ ಮಧ್ಯೆ ಮಂಜು ಹೊರಬೀಳೋ ಬಾಗಿಲಿಗೆ ಈಗ ಫ್ರಾಮ್ ಜಲಸಂಧಿ ಅಂತ ಹೆಸರು. 2006ರಲ್ಲಿ ಟಾರಾ ಅನ್ನೋ ಫ್ರೆಂಚ್ ಹಡಗು ಹೆಚ್ಚೂಕಮ್ಮಿ ಅದೇ ದಾರಿಯಲ್ಲಿ ಬೇಕಂತಲೇ ಮಂಜಿನಲ್ಲಿ ಸಿಕ್ಕಿಕೊಂಡು ತೇಲಿತು. ಫ್ರಾಮ್‌ಗೆ ಹತ್ತಿರ ಹತ್ತಿರ ಮೂರು ವರ್ಷ ಹಿಡಿದಿತ್ತು. ಟಾರಾ ಸುಮಾರು 500 ದಿನದಲ್ಲಿ ಹೊರಬಂತು. ಮಂಜು ಈಗ ತೆಳುವಾಗಿದೆ, ಗಾಳಿ ತಳ್ಳಿದರೆ ಬೇಗ ಓಡುತ್ತೆ. ಫ್ರಾಮ್ ಹಡಗು ಓಸ್ಲೋದ ಮ್ಯೂಸಿಯಂನಲ್ಲಿದೆ, ಒಳಗೆ ಹತ್ತಿ ನೋಡಬಹುದಂತೆ.